ನೂರು ಕಾರ್ಡು ಹಂಚಿದವನು

ಕಲಬುರಗಿಯ ಸಣ್ಣ ಉದ್ದಿಮೆದಾರರ ಸಭೆಯಲ್ಲಿ, ರೊಟ್ಟಿ ಕೇಂದ್ರ ನಡೆಸುವ ನಾನು ನೂರು ವಿಸಿಟಿಂಗ್ ಕಾರ್ಡು ಹಂಚಿದೆ. ಕಮಲಾಪುರದಲ್ಲಿ ಕೆಂಪು ಬಾಳೆಯ ಚಿಪ್ಸ್ ಮಾಡುವ ಯಶೋಧರಾ ಒಂದನ್ನೂ ಹಂಚಲಿಲ್ಲ. ಊಟದ ಪಾಳಿಯಲ್ಲಿ ನಿಂತವರನ್ನೆಲ್ಲ, “ನಿಮ್ಮ ಕೆಲಸ ಎಲ್ಲಿ ನಿಂತದ್ರಿ?” ಎಂದು ಕೇಳುತ್ತ ಬಂದರು. ಹಸಿದವನನ್ನು ಕೇಳುವ ಪ್ರಶ್ನೆಯೇ ಇದು? ರೊಟ್ಟಿ ಮಷೀನಿನ ಬೇರಿಂಗ್ ಸಿಗುತ್ತಿಲ್ಲವೆಂದು ಗೊಣಗಿ, ಕಾರ್ಡು ಕೊಟ್ಟು ಸಾಗಹಾಕಿದೆ.

ತಿಂಗಳಾದರೂ ಯಾರೂ ಫೋನ್ ಮಾಡಲಿಲ್ಲ. ಆಮೇಲೆ ಒಂದು ಕರೆ ಬಂತು.

“ನಾಗಣ್ಣೋರ, ನಾ ಕಮಲಾಪುರದ ಯಶೋಧರಾ. ನಿಮ್ಮ ಬೇರಿಂಗ್ ಸ್ಟೇಶನ್ ಬಜಾರದಾಗ ಸಿಗ್ತದ್ರಿ. ಅಂಗಡಿಯವರಿಗೆ ಹೇಳಿಟ್ಟೀನಿ.”

“ನನ್ನ ನಂಬರ್ ಎಲ್ಲಿ ಸಿಕ್ತರಿ?”

“ನೀವೇ ಕಾರ್ಡ್ ಕೊಟ್ಟಿದ್ರಲ್ರಿ.”

ಅಂದು ಅವರನ್ನು ನಾವ್ಯಾರೂ ಕೇಳದಿದ್ದುದನ್ನು ಕೇಳಿದೆ.

“ಅಕ್ಕೋರ, ನಿಮ್ಮ ಕೆಲಸ ಎಲ್ಲಿ ನಿಂತದ್ರಿ?”