ಸ್ಟೇಷನ್ನಿನಿಂದ ಬಲಕ್ಕೆ

"ಬೊಂಬು ಗಿಡ್ಡವಾಯ್ತು ಕಣ್ರೀ, ಮೇಷ್ಟ್ರು ಉದ್ದ" ಎಂದು ಹೆಡ್‌ಮಾಸ್ಟರ್ ಅನಂತಸ್ವಾಮಿ ಹೇಳಿದ ಮೇಲೆ ಚಟ್ಟ ಕಟ್ಟುತ್ತಿದ್ದವರು ಬಿಗಿದ ಹುರಿಯನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಬೀದಿಯ ಕೊನೆಯ ಗುಡಿಯ ಮುಂದೆ ಅರ್ಚಕರು ಬೀಗದ ಕೈ ಹಿಡಿದು ಸುಮ್ಮನೆ ಕೂತಿದ್ದರು. ಬೀದಿಯಲ್ಲಿ ಹೆಣವಿದ್ದರೆ ದೇವರಿಗೆ ಪೂಜೆಯಿಲ್ಲ, ದೇವರ ನೈವೇದ್ಯವಾಗದೆ ಯಾರ ಮನೆಯಲ್ಲೂ ಒಲೆ ಹೊತ್ತಿಸುವಂತಿಲ್ಲ. ಹಳೇಬೀಡಿನ ಆ ಹನ್ನೆರಡು ಮನೆಗಳ ಬೀದಿಯಲ್ಲಿ ಬೆಳಗಿನಿಂದ ಮಕ್ಕಳು ಹಸಿದು ರಗಳೆ ಮಾಡುತ್ತಿದ್ದವು. ಸತ್ತವರ ಮೇಲೆ ಎಷ್ಟೇ ಪ್ರೀತಿಯಿರಲಿ, ಹನ್ನೊಂದು ಗಂಟೆಯ ಹೊತ್ತಿಗೆ ಹೊಟ್ಟೆ ತನ್ನ ಮಾತನ್ನು ಆಡಿಯೇ ಆಡುತ್ತದೆ.

ಪಡಸಾಲೆಯಲ್ಲಿ ಸುಬ್ಬರಾಮಯ್ಯ ಮೇಷ್ಟ್ರ ತಲೆಯ ಬಳಿ ಅವರ ಹೆಂಡತಿ ಜಾನಕಮ್ಮ ಕೂತಿದ್ದರು. ಮಕ್ಕಳಿಲ್ಲ. ಕೊಳ್ಳಿ ಇಡಲು ಮೈದುನನ ಮಗ ಹಾಸನದಿಂದ ಬಂದಿದ್ದ. ಜಾನಕಮ್ಮ ಅಳುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು, ಅವರ ಕಣ್ಣೆಲ್ಲ ಬೀದಿಯ ಮೇಲಿತ್ತು. ಇಬ್ಬರು ಬರಬೇಕಾಗಿತ್ತು. ಇಬ್ಬರಿಗೂ ಬೇರೆ ಬೇರೆಯಾಗಿ ಅವರೇ ಹೇಳಿ ಕಳಿಸಿದ್ದರು.

ಮೊದಲು ಬಂದವನು ಜವರಯ್ಯ. ಜಾವಗಲ್ ದಾರಿಯ ಹಳ್ಳಿಯ ರೈತ, ಅರವತ್ತರ ಹತ್ತಿರದವನು. ಗಾಡಿ ತುಂಬ ಸೌದೆ ಹೇರಿಕೊಂಡು ಬಂದಿದ್ದ. ಎತ್ತು ನಿಲ್ಲಿಸಿ, ಜಗಲಿಯ ಕೆಳಗೆ ನಿಂತು, ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಹುಣಸೆ ಸೌದೆ ಅಮ್ಮಾರೇ, ಚೆಂದಾಗಿ ಒಣಗೈತೆ. ನಮ್ ಮೇಷ್ಟ್ರಿಗೆ ಹಸಿ ಸೌದೆ ಹಾಕಿಸ್ಬ್ಯಾಡ್ರಿ."

"ಎಂಥಾ ಮೇಷ್ಟ್ರು!" ಎಂದು ಹಳೆಯ ಶಿಷ್ಯನೊಬ್ಬ ಹೇಳಿದ. ಅವನು ಬೇಲೂರಿನ ಪೋಸ್ಟಾಫೀಸಿನಲ್ಲಿ ಗುಮಾಸ್ತೆ. "ಬೆಂಗಳೂರಿನ ಪಾಠ ಮಾಡಿದ್ರೆ ನಾವೇ ಪೇಟೇಲಿ ಓಡಾಡಿದ ಹಾಗಿರೋದು. ನಾನು ಮೊದಲನೇ ಸಲ ಅಲ್ಲಿಗೆ ಹೋದಾಗ ಹೊಸ ಊರು ಅನ್ನಿಸಲೇ ಇಲ್ಲ."

"ಈಚೆಗೆ ಆ ಪಾಠ ಮಾಡೋದು ಬಿಟ್ಟಿದ್ರು ಪಾಪ" ಎಂದರು ಅನಂತಸ್ವಾಮಿ. "ಅದು ಬಂದ ದಿನ ಜ್ವರ ಅಂತ ರಜಾ ಚೀಟಿ ಕಳಿಸೋರು. ಏಳೆಂಟು ವರ್ಷದಿಂದ ನಾನೇ ಮಾಡ್ತಿದ್ದೆ."

ಜಾನಕಮ್ಮ ತಲೆಯೆತ್ತಿ ಅನಂತಸ್ವಾಮಿಯವರನ್ನು ನೋಡಿದರು. ಅಷ್ಟರಲ್ಲಿ ಎದುರು ಮನೆಯ ಗೋಡೆಗೆ ಒರಗಿ ನಿಂತ ಇನ್ನೊಬ್ಬ ಅವರ ಕಣ್ಣಿಗೆ ಬಿದ್ದ. ಜವರಯ್ಯನ ಮಗ ಕೃಷ್ಣಪ್ಪ. ಇಪ್ಪತ್ತಮೂರರ ಆಳು, ಬಾಣಾವರದ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಜವರಯ್ಯನೂ ನೋಡಿದ. ನೋಡಿದವನೇ ಮಗನಿಗೆ ಬೆನ್ನು ಮಾಡಿ ಎತ್ತಿನ ಕೊರಳು ಸವರತೊಡಗಿದ.

"ಯಾರು ಕರೆದ್ರೋ ಇವನ್ನ" ಎಂದ, ಎತ್ತಿಗೆ ಹೇಳುವವನ ಹಾಗೆ. "ಹೆತ್ತವ್ವನ್ನ ಬೀದೀಲಿ ಸಾಯಿಸಿದೋನು."

ಆ ಅಪ್ಪ ಮಗ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಅದರ ನಿಜವಾದ ಕಾರಣ ಗೊತ್ತಿದ್ದವರು ಈ ಭೂಮಿಯ ಮೇಲೆ ಇಬ್ಬರೇ ಎಂದು ಜಾನಕಮ್ಮ ತಿಳಿದಿದ್ದರು. ಅದರಲ್ಲಿ ಒಬ್ಬರು ಈಗ ಚಾಪೆಯ ಮೇಲೆ ಮಲಗಿದ್ದರು.

*

ಸುಬ್ಬರಾಮಯ್ಯನವರು ಬೆಂಗಳೂರನ್ನು ಒಂದು ಸಲವೂ ನೋಡಿರಲಿಲ್ಲ. ಅರಸೀಕೆರೆಯ ಸ್ಟೇಷನ್ ದಾಟಿ ಆಚೆಗೆ ಹೋದವರೇ ಅಲ್ಲ. ಮೇಷ್ಟ್ರಾದ ಮೊದಲ ವರ್ಷ ಆಡಳಿತದ ರಾಜಧಾನಿ ಬೆಂಗಳೂರಿನ ಪಾಠ ಬಂತು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರ, ಹಿತವಾದ ಹವೆ, ಕೆಂಪೇಗೌಡರ ನಾಲ್ಕು ಗೋಪುರ, ಹತ್ತಿಯ ಗಿರಣಿ, ರೇಷ್ಮೆಯ ಗಿರಣಿ, ಶಿವನಸಮುದ್ರದಿಂದ ತಂತಿಯ ಮೇಲೆ ಬರುವ ಕರೆಂಟು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ನಮ್ಮೂರೂ ರಾಜಧಾನಿ ಆಗಿತ್ತಂತಲ್ಲ ಸಾರ್, ಈಗ ಬರೀ ಕಲ್ಲು. ಬೆಂಗ್ಳೂರ್ನ ನೀವು ನೋಡಿದೀರಾ?" ಎಂದು ಕೇಳಿದ. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತೆರಡರ ವಯಸ್ಸು. "ನೋಡದೆ ಏನಯ್ಯ" ಎಂದುಬಿಟ್ಟರು.

ಆ ಒಂದು ಮಾತನ್ನು ಉಳಿಸಿಕೊಳ್ಳಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಸಿಕ್ಕಿದ ಪುಸ್ತಕವನ್ನೆಲ್ಲ ಓದಿದರು. ಬೆಂಗಳೂರಿಗೆ ಹೋಗಿ ಬಂದವರನ್ನು ಕೂರಿಸಿಕೊಂಡು, ತಾವು ಬಲ್ಲವರ ಹಾಗೆ ತಲೆದೂಗುತ್ತ, ಅವರ ಬಾಯಿಂದಲೇ ಎಲ್ಲ ಹೊರಡಿಸಿದರು. ಒಮ್ಮೆ ಹೋಗಿ ಬಂದಿದ್ದರೆ ಆಗುತ್ತಿತ್ತು. ಮೊದಮೊದಲು ಸಂಬಳ ಸಾಲದು. ಆಮೇಲೆ ಭಯ. ಅಲ್ಲಿನ ಬೀದಿಯಲ್ಲಿ ತಾವು ದಿಕ್ಕು ತಿಳಿಯದೆ ನಿಂತಿರುವಾಗ ಶಿಷ್ಯನೊಬ್ಬ ಎದುರಾದರೆ? ಇಷ್ಟು ಸಣ್ಣ ಭಯಕ್ಕೆ ಒಬ್ಬ ಮನುಷ್ಯ ಇಪ್ಪತ್ತಮೂರು ವರ್ಷ ಊರು ಬಿಟ್ಟು ಕದಲಲಿಲ್ಲ.

ಐವತ್ತಮೂರನೆಯ ಇಸವಿಯ ಒಂದು ಬೆಳಗ್ಗೆ ಜವರಯ್ಯ ಓಡಿ ಬಂದ. ಹೆಂಡತಿ ಗಿಡ್ಡಮ್ಮನಿಗೆ ಎರಡು ದಿನದಿಂದ ಹೊಟ್ಟೆನೋವು, ಕೂಡಲೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿ ಹೊಟ್ಟೆ ಕೊಯ್ಯಿಸಬೇಕೆಂದು ಡಾಕ್ಟರು ಹೇಳಿದ್ದರು.

"ನೀವು ಜತೇಲಿ ಬಂದ್ರೆ ಸಾಕು ಬುದ್ಧಿ. ನಿಮ್ಗೆ ಆ ಊರು ಅಂಗೈಯಾಗೈತೆ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಇನ್‌ಸ್ಪೆಕ್ಟರು ಬರುವವರಿದ್ದಾರೆ, ಸ್ಕೂಲು ಬಿಡುವಂತಿಲ್ಲ ಎಂದರು. ಅವತ್ತು ಯಾವ ಇನ್‌ಸ್ಪೆಕ್ಟರೂ ಬರುವುದಿರಲಿಲ್ಲ. "ದಾರಿ ಬರೆದುಕೊಡ್ತೀನಿ. ನಿನ್ನ ಮಗ ಕೃಷ್ಣಪ್ಪ ಓದಬಲ್ಲ, ನನ್ನ ಕ್ಲಾಸಿನವನೇ" ಎಂದು ಒಳಗೆ ಹೋದರು.

ಹಳೆಯ ಪುಸ್ತಕವೊಂದರಲ್ಲಿ ಬೆಂಗಳೂರಿನ ನಕ್ಷೆಯಿತ್ತು. ಮಕ್ಕಳಿಗೆ ನಕ್ಷೆ ತೆಗೆದುಕೊಡಲು ಮೇಷ್ಟ್ರು ತೆಳುವಾದ ಕಾಗದಕ್ಕೆ ಹರಳೆಣ್ಣೆ ಸವರಿ ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ಎಣ್ಣೆ ಕಾಗದವನ್ನು ನಕ್ಷೆಯ ಮೇಲಿಟ್ಟರೆ ಗೆರೆಗಳು ಕಾಣುತ್ತವೆ, ಪೆನ್ಸಿಲಿನಿಂದ ಎಳೆದುಕೊಳ್ಳಬಹುದು. ಆಮೇಲೆ ಕಾಗದ ಮಗುಚಿ, ಹಿಂದುಗಡೆಯಿಂದಲೂ ಅದೇ ಗೆರೆಗಳನ್ನು ತಿದ್ದಿ, ಮತ್ತೆ ನೆಟ್ಟಗೆ ಮಾಡಿ ಬಿಳಿ ಹಾಳೆಯ ಮೇಲಿಟ್ಟು ಉಜ್ಜಿದರೆ ನಕ್ಷೆ ಸರಿಯಾಗಿ ಮೂಡುತ್ತದೆ. ಅವತ್ತು ಹೊರಗೆ ಗಾಡಿಯಲ್ಲಿ ಗಿಡ್ಡಮ್ಮ ನರಳುತ್ತಿದ್ದಳು. ಅವಸರದಲ್ಲಿ ಮೇಷ್ಟ್ರು ಹಿಂದುಗಡೆ ತಿದ್ದುವುದನ್ನು ಮರೆತರು. ಗೆರೆಯೆಳೆದ ಮುಖವನ್ನೇ ಕೆಳಗೆ ಮಾಡಿ ಉಜ್ಜಿಬಿಟ್ಟರು. ಎಡಗಡೆಯ ರಸ್ತೆಗಳೆಲ್ಲ ಬಲಕ್ಕೆ ಬಂದವು, ಬಲಗಡೆಯವು ಎಡಕ್ಕೆ ಹೋದವು. ಅದರ ಮೇಲೆ ತಮ್ಮ ದುಂಡಗಿನ ಅಕ್ಷರದಲ್ಲಿ ಸ್ಟೇಷನ್, ಕೆರೆ, ಗಿರಣಿ, ದೊಡ್ಡಾಸ್ಪತ್ರೆ ಎಂದು ಹೆಸರು ಬರೆದು ಕೊಟ್ಟರು. ಒಂದೇ ಒಂದು ಸಲ ಆ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟಿದ್ದರೂ ಅದು ತಿರುಗುಮುರುಗಾದದ್ದು ಅವರ ಕಣ್ಣಿಗೆ ಬೀಳುತ್ತಿತ್ತು.

ನಾಲ್ಕನೆಯ ದಿನ ಜವರಯ್ಯ ತಲೆ ಬೋಳಿಸಿಕೊಂಡು ಬಂದು ಆ ಹಾಳೆಯನ್ನು ಜಗಲಿಯ ಮೇಲಿಟ್ಟ. "ನೀವು ಮುತ್ತಿನಂಗೆ ಬರ್ಕೊಟ್ರಿ ಬುದ್ಧಿ. ನನ್ ಹೊಟ್ಟೇಲಿ ಹುಟ್ಟಿದ್ದಕ್ಕೆ ಎಡ ಯಾವ್ದು ಬಲ ಯಾವ್ದು ಗೊತ್ತಾಗ್ಲಿಲ್ಲ. ಸ್ಕೂಲು ಬಿಡಿಸಿದೀನಿ" ಎಂದು ಕೈಮುಗಿದು ಹೋದ. ಮೇಷ್ಟ್ರು ಪುಸ್ತಕ ತೆಗೆದು ಪಕ್ಕದಲ್ಲಿಟ್ಟುಕೊಂಡು ನೋಡಿದರು. ಜಾನಕಮ್ಮ ದೀಪ ಹಚ್ಚಲು ಬಂದಾಗ ಅವರು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು.

"ಹೋಗಿ ಹೇಳಿಬಿಡಿ" ಎಂದರು ಜಾನಕಮ್ಮ. ಅವತ್ತೂ ಹೇಳಿದರು, ಮಾರನೆಯ ದಿನವೂ ಹೇಳಿದರು. ಮೇಷ್ಟ್ರು ಜಾವಗಲ್ ದಾರಿ ಹಿಡಿದು ಮೂರು ಸಲ ಅರ್ಧ ದಾರಿಯವರೆಗೆ ಹೋಗಿ ಹಿಂದಿರುಗಿದರು. ಕೊನೆಗೆ ಹೆಂಡತಿಯ ಕೈ ಹಿಡಿದು, "ನನ್ನ ಉಸಿರಿರೋ ತನಕ ಬೇಡ ಜಾನಕಿ. ಆಮೇಲೆ ನಿನ್ನಿಷ್ಟ" ಎಂದು ಭಾಷೆ ತೆಗೆದುಕೊಂಡರು. ಜಾನಕಮ್ಮ ಭಾಷೆ ಕೊಟ್ಟರು. ಎಂಟು ವರ್ಷ ಗಂಡನಿಗೆ ಅನ್ನ ಬಡಿಸಿದರು, ಕಾಲು ಒತ್ತಿದರು, ಕೆಲವು ದಿನ ಆ ಮುಖವನ್ನು ಕಂಡರೆ ಆಗುತ್ತಿರಲಿಲ್ಲ. ತಾನೂ ಬಾಯಿ ಮುಚ್ಚಿಕೊಂಡು ಕೂತವಳೇ ಅಲ್ಲವೆ ಎಂದು ತನ್ನ ಮುಖವೂ ಆಗುತ್ತಿರಲಿಲ್ಲ.

*

"ಆಯ್ತು, ಎತ್ತೋಣ" ಎಂದು ಮೈದುನನ ಮಗ ಒಳಗೆ ಬಂದಾಗ ಜಾನಕಮ್ಮ ಎದ್ದರು. ಕೋಣೆಗೆ ಹೋಗಿ ಟ್ರಂಕಿನಿಂದ ಪುಸ್ತಕವನ್ನೂ ಮಡಿಸಿದ ಹಾಳೆಯನ್ನೂ ತಂದರು.

"ಒಂದು ನಿಮಿಷ ತಡಿ. ಜವರಯ್ಯ, ಹತ್ತಿರ ಬಾಪ್ಪ. ಕೃಷ್ಣಪ್ಪ, ನೀನೂ ಬಾ."

ಇಬ್ಬರೂ ಬಂದು ಜಗಲಿಯ ಎರಡು ಕೊನೆಗೆ ನಿಂತರು.

"ನಿನ್ನ ಮಗ ಸರಿಯಾಗೇ ಓದಿದ್ದ ಕಣಪ್ಪ. ನಮ್ಮನೆಯವರೇ ತಪ್ಪು ಬರೆದುಕೊಟ್ರು. ಅವರು ಬೆಂಗಳೂರು ನೋಡೇ ಇರಲಿಲ್ಲ."

ಬೀದಿಯಲ್ಲಿ ಗುಸುಗುಸು ಎದ್ದಿತು. ಪಾಪ, ದುಃಖಕ್ಕೆ ತಲೆ ನಿಂತಿಲ್ಲ ಎಂದು ಯಾರೋ ಹೆಂಗಸು ಅಂದಳು.

"ಅಮ್ಮಾ" ಎಂದರು ಅನಂತಸ್ವಾಮಿ, ದನಿ ತಗ್ಗಿಸಿ. "ಏನಿದ್ದರೂ ಹದಿಮೂರು ದಿನ ಕಳೀಲಿ. ಹೆಣದ ಮುಂದೆ ಅವರ ಮಾನ ತೆಗೀಬೇಡಿ. ಗುಡಿ ಬಾಗಿಲು ಬೇರೆ ಕಾದಿದೆ."

"ಹೆಣ ಹೋದ ಮೇಲೆ ಇವರಿಬ್ಬರೂ ಒಂದೇ ಕಡೆ ನಿಲ್ಲೋಲ್ಲ ಅನಂತಸ್ವಾಮಿಗಳೇ. ಎಂಟು ವರ್ಷ ಮಾನ ಕಾಪಾಡಿದ್ದಾಯ್ತು, ಸಾಕು."

ಜವರಯ್ಯ ತಲೆಯಾಡಿಸಿದ. "ಬುಡಿ ಅಮ್ಮಾರೇ. ದ್ಯಾವ್ರಂಥೋರು. ಅವ್ರು ತೆಪ್ಪು ಬರೆಯೋದುಂಟಾ?"

ಜಾನಕಮ್ಮ ಪುಸ್ತಕದ ನಕ್ಷೆ ಬಿಡಿಸಿ ಅನಂತಸ್ವಾಮಿಯವರ ಕೈಗೆ ಕೊಟ್ಟರು. ಮೇಷ್ಟ್ರ ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದರು. ಎರಡೂ ಬೇರೆ ಬೇರೆ. ಹಾಳೆಯನ್ನು ಮಗುಚಿದರು. ಹಿಂದಿನಿಂದ ಬಿಸಿಲು ತೂರಿ ಗೆರೆಗಳೆಲ್ಲ ಕಂಡವು, ಪುಸ್ತಕದಲ್ಲಿ ಇದ್ದ ಹಾಗೇ ಕಂಡವು. ಅನಂತಸ್ವಾಮಿ ಒಂದು ಸಲ ಅದನ್ನು, ಒಂದು ಸಲ ಇದನ್ನು ನೋಡಿದರು. ಎಂಟು ವರ್ಷದ ಜ್ವರದ ಚೀಟಿಗಳು ಅವರಿಗೆ ಅರ್ಥವಾಗಿರಬೇಕು. ಪುಸ್ತಕ ಮುಚ್ಚಿ ತಲೆ ಬಗ್ಗಿಸಿದರು.

"ಹೌದು ಜವರಯ್ಯ" ಎಂದರು. "ಸ್ಟೇಷನ್ನಿನಿಂದ ಬಲಕ್ಕೆ ಹೋಗಬೇಕಾಗಿತ್ತು. ಇದರಲ್ಲಿ ಎಡಕ್ಕಿದೆ."

ಜವರಯ್ಯ ನಿಧಾನವಾಗಿ ಮಗನ ಕಡೆ ತಿರುಗಿದ. ಎಂಟು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ದಿಟ್ಟಿಸಿ ನೋಡಿದ. ಮಗನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಂಗೆ ಗೊತ್ತಿತ್ತೇನ್ಲಾ?"

"ಗೊತ್ತಿತ್ತು. ಆಮ್ಯಾಕೆ ನಾನೊಬ್ನೇ ಹೋಗಿ ನಡೆದು ನೋಡ್ದೆ. ಬಲಕ್ಕೆ ಹೋದ್ರೆ ಒಂದು ಮೈಲಿ, ಅದ್ರ ಮ್ಯಾಲೆ ಒಸಿ. ಜಟಕಾಗೆ ಕಾಸಿರ್ಲಿಲ್ಲ, ನೀನು ಅವ್ವನ್ನ ಬೆನ್ನಿಗೆ ಹಾಕ್ಕೊಂಡೇ ಹೋಗಿದ್ರೂ ಮುಕ್ಕಾಲು ಗಂಟೆ. ನಾವು ಬೆಳಗಿಂದ ಗಿರಣಿ ಗಿರಣಿ ಸುತ್ತಿದ್ವಿ. ಮಧ್ಯಾಹ್ನದ ಸೈರನ್ ಕೂಗೋ ಹೊತ್ಗೆ ಅವ್ವ ಗಿರಣಿ ಗೋಡೆ ತಾವ ಪ್ರಾಣ ಬಿಟ್ಲು."

"ಯಾಕ್ಲಾ ನಂಗೆ ಹೇಳ್ಲಿಲ್ಲ?"

"ಹೇಳ್ದೆ ಕಣಪ್ಪ. ಸ್ಟೇಷನ್ ಮುಂದ್ಲೇ ಹೇಳ್ದೆ. ಜಟಕಾದೋನು ದೊಡ್ಡಾಸ್ಪತ್ರೆ ಬಲಕ್ಕೆ ಅಂತಾನೆ, ಕೇಳಪ್ಪಾ ಅಂದೆ. ನೀನು ಕೆನ್ನೆಗೆ ಹೊಡ್ದೆ. ಮೇಷ್ಟ್ರಿಗಿಂತ ಜಟಕಾದೋನು ದೊಡ್ಡೋನಾ ಅಂದೆ. ಅವ್ವ ನಿನ್ ಬೆನ್ ಮೇಲಿಂದ್ಲೇ, ಅವ್ನ ಮಾತು ಕೇಳಿ ಅಂದ್ಲು. ಅದ್ನೂ ಕೇಳ್ಲಿಲ್ಲ."

ಸತ್ಯ ಹೇಳಿದರೆ ಅಪ್ಪ ಮಗ ಒಂದಾಗುತ್ತಾರೆ ಎಂದು ಜಾನಕಮ್ಮ ಎಂಟು ವರ್ಷ ಕನಸು ಕಂಡಿದ್ದರು. ಮಗನ ತಲೆಯ ಮೇಲಿದ್ದ ಹೊರೆಯನ್ನು ತಾನು ಇಳಿಸಿ ಎಲ್ಲಿಗೆ ಹಾಕಿದೆ ಎಂಬುದು ಈಗ ಕಾಣಿಸಿತು.

"ಕೃಷ್ಣಪ್ಪ, ನಿಮ್ಮಪ್ಪನದೂ ತಪ್ಪಲ್ಲ ಕಣೋ. ಇವರನ್ನ ನಂಬಿದ, ಅಷ್ಟೇ" ಎಂದರು.

"ಅದು ನಂಗೂ ಗೊತ್ತು ಅಮ್ಮಾರೇ" ಎಂದ ಕೃಷ್ಣಪ್ಪ. "ಅದಕ್ಕೇ ಇಷ್ಟು ವರ್ಷ ಸುಮ್ಕಿದ್ದೆ. ನಾನೇ ತೆಪ್ಪು ಮಾಡಿದ್ದು ಅಂದ್ಕೊಳ್ಲಿ, ಅಪ್ಪ ಬದುಕ್ಕೊತಾನೆ ಅಂತ. ನೀವು ಹೇಳಬಾರದಾಗಿತ್ತು."

ಚಟ್ಟ ಎತ್ತಿದರು. ಕೃಷ್ಣಪ್ಪ ಅಪ್ಪನ ಕೈಯಿಂದ ಹಗ್ಗ ತೆಗೆದುಕೊಂಡು ಸೌದೆಯ ಗಾಡಿ ಹೊಡೆದುಕೊಂಡು ಹಿಂದೆ ಹೊರಟ. ಹೆಣ ಬೀದಿಯ ಎಡಕ್ಕೆ ತಿರುಗಿ ಕೆರೆಯ ಕಡೆ ಹೋಯಿತು. ಅರ್ಚಕರು ಎದ್ದು ಸ್ನಾನಕ್ಕೆ ನಡೆದರು, ಹೆಂಗಸರು ಬಾಗಿಲಿಗೆ ನೀರು ಚೆಲ್ಲತೊಡಗಿದರು.

ಜವರಯ್ಯ ಒಬ್ಬನೇ ಜಗಲಿಯ ಕೆಳಗೆ ಉಳಿದ. ಜಾನಕಮ್ಮ ಬಾಗಿಲಲ್ಲಿ ನಿಂತು, "ಜವರಯ್ಯ, ಒಳಗೆ ಬಂದು ಕೂತ್ಕೊಳಪ್ಪ" ಎಂದು ಎರಡು ಸಲ ಕರೆದರು. ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಮನೆಗೆ ಬೆನ್ನು ಮಾಡಿ ಬೀದಿಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಆಮೇಲೆ ಕೈಗಳನ್ನು ಸೊಂಟದ ಹಿಂದೆ ಹೆಣೆದುಕೊಂಡು, ಮೊಣಕಾಲು ಬಗ್ಗಿಸಿ, ಬೆನ್ನು ಬಾಗಿಸಿದ. ಹೊತ್ತ ಭಾರವನ್ನು ಸರಿಮಾಡಿಕೊಳ್ಳುವವನ ಹಾಗೆ ಬೆನ್ನನ್ನು ಒಮ್ಮೆ ಮೆಲ್ಲಗೆ ಜಗ್ಗಿದ. ಬಲಕ್ಕೆ ತಿರುಗಿ, ನೀರು ಚೆಲ್ಲುತ್ತಿದ್ದ ಹೆಂಗಸರ ನಡುವೆ, ಬೇಗ ಬೇಗ ಹೆಜ್ಜೆ ಹಾಕುತ್ತ ಹೋದ.