ನರದ ತುದಿ ತಪ್ಪಿದ ಚುಕ್ಕೆ

ಚುಕ್ಕೆ ಅಲುಗಿತೇ, ಇಲ್ಲ, ಫ್ಯಾನಿನ ಗಾಳಿಗೆ ಹಾಳೆಯ ಅಂಚು ಎದ್ದದ್ದು, ಚುಕ್ಕೆ ಅಲ್ಲೇ ಇದೆ, ಒಣಗಿದ ಜರಿಗಿಡದ ಎಡಗಡೆಯ ನಾಲ್ಕನೆಯ ಕಿರುಎಲೆಯ ಮೇಲೆ, ಕಂದುಬಣ್ಣದ್ದು, ಸಾಸಿವೆಗಿಂತ ಸಣ್ಣದು, ಕುಬೇರ ತಾನೇ ಅಂಟಿಸಿದ್ದು — ಇದಂತೂ ಖರೇ ಸಂಗತಿ, ಮಿಮಿಕ್ರಿಯಲ್ಲ, ಹತ್ತು ಮಂದಿಯ ದನಿ ತೆಗೆಯುವ ಗಂಟಲಿಗೆ ಈಗ ತನ್ನದೊಂದು ದನಿ ಸಿಗುತ್ತಿಲ್ಲ. ದ್ರಾಕ್ಷಾಯಿಣಿ ಮೇಡಂ ಸೂಕ್ಷ್ಮದರ್ಶಕದ ಮಸೂರ ಒರೆಸುತ್ತಿದ್ದಾರೆ, ಒಂದು ಸಲ, ಎರಡು ಸಲ, ಒರೆಸಿ ಮುಗಿದರೆ ತನ್ನ ಮೂರು ವರ್ಷದ ಪಿಎಚ್‌ಡಿಯೂ ಒರೆಸಿಹೋದಂತೆಯೇ, ಹೋದ ವರ್ಷವೇ ಹೇಳಿದ್ದರು, ಇನ್ನೊಮ್ಮೆ ನನ್ನ ದನಿ ತಗದಿ ಅಂದ್ರ ಬ್ಯಾರೆ ಗೈಡ್ ನೋಡಕೊ ಕುಬೇರ, ನಗುತ್ತಾ ಹೇಳಿರಲಿಲ್ಲ, ಮತ್ತು ಅವರ ಮಗ್ಗುಲಲ್ಲಿ ಮೈಬೂಬಸಾಬ ಕಾಕಾ, ಒಣಗಿಡಗಳನ್ನು ಹಾಳೆಗೆ ಹೊಲಿದು ಕಪಾಟಿನಲ್ಲಿಡುವ ಈ ಹರ್ಬೇರಿಯಂ ಕೋಣೆಯನ್ನು ಮೂವತ್ತು ವರ್ಷದಿಂದ ಕಾಯ್ದವನು, ಇವತ್ತು ಇಸ್ತ್ರಿ ಹೊಡೆದ ಬಿಳಿ ಅಂಗಿ, ಮೈತುಂಬ ಅತ್ತರು, ಯಾಕೆ ಇಷ್ಟು ಅತ್ತರು ಕಾಕಾ, ನಿಕಾಹಕ್ಕೆ ಹೊರಟವರ ಹಾಗೆ ನಿಂತರೆ ನಾನು ಹೇಗೆ ಬಾಯಿಬಿಡಲಿ, ಕಿಟಕಿಯಾಚೆ ವೆರ್ಣಾದ ಕಂಪನಿ ಬಸ್ಸು ಹಾರ್ನ್ ಹೊಡೆದು ಹೋಗುತ್ತದೆ, ತಲೆಯೊಳಗೆ ಮಡಗಾಂವ್ ಬಸ್ಸಿನ ಕಂಡಕ್ಟರ್ ಕೊಂಕಣಿಯಲ್ಲಿ ಕೂಗುತ್ತಾನೆ, ಫುಡೆಂ ವಚ್ ಫುಡೆಂ ವಚ್, ಮುಂದೆ ಸರಿ, ಮುಂದೆ ಸರಿದು ಹೇಳಿಬಿಡು, ಕಾಲು ಮಾತ್ರ ಫುಟ್‌ಬೋರ್ಡಿನಲ್ಲೇ.

ನೆಫ್ರೊಲೆಪಿಸ್, ಈ ಜರಿಗಿಡದ ಕುಲ — ಆ ಹೆಸರಿನಿಂದಲೇ ಶುರುವಾದದ್ದು, ಕಾಕಾನ ಬಾಯಲ್ಲಿ ಅದು ನೆಪ್ರಲೇಪಿಸು, ನನಗೊಂದು ನೆಪ ಬೇಕಿತ್ತು, ಲೇಪಿಸಿದೆ, ಹಾಳಾದ ಶ್ಲೇಷೆ, ಕುತ್ತಿಗೆಗೆ ಬಂದಾಗಲೂ ಹೊಳೆಯುತ್ತದೆ. ಕುಲ ಗುರುತಿಸುವುದು ಸುಲಭ, ಕತ್ತಿಯಂಥ ಉದ್ದನೆಯ ಎಲೆ, ಎರಡೂ ಕಡೆ ಏಣಿಮೆಟ್ಟಿಲಿನಂತೆ ಕಿರುಎಲೆ, ಮನುಷ್ಯರ ಕುಲ ಕೇಳಿದರೆ ಮೈಯೆಲ್ಲ ಉರಿಯುವ ಅವನಿಗೆ ಗಿಡದ ಕುಲ ಕೇಳುವುದೆಂದರೆ ಖುಷಿ, ಆದರೆ ಒಂದೇ ಕುಲದೊಳಗೆ ಪ್ರಭೇದ ಪ್ರಭೇದ ಬೇರ್ಪಡಿಸುವುದಿದೆಯಲ್ಲ, ಅಲ್ಲಿ ಕಣ್ಣು ಉರಿಯುತ್ತದೆ, ಬೇರಿನಲ್ಲಿ ಗಡ್ಡೆಯಿದೆಯೇ, ದಂಟಿನ ಹುರುಪೆ ಒತ್ತಿ ಕೂತಿದೆಯೇ ಚಾಚಿದೆಯೇ, ಎಲೆಬೆನ್ನಿನ ಕಂದು ಚುಕ್ಕೆಗಳು, ಬೀಜಕಣಗಳ ಪುಟ್ಟ ಗುಂಪುಗಳು, ಸೋರಿ ಎನ್ನುತ್ತಾರೆ, ಅವು ಅಂಚಿಗೆ ಹತ್ತಿರವೋ ನಡುನರಕ್ಕೆ ಹತ್ತಿರವೋ, ಸೋರಿ ಜಾಗ ತಪ್ಪಿದರೆ ಪ್ರಭೇದ ತಪ್ಪಿತು, ಪ್ರಭೇದ ತಪ್ಪಿದರೆ ಸಾರಿ, ಆ ಸಾರಿ ಈಗ ಬಾಯಿಂದ ಸೋರುತ್ತಲೂ ಇಲ್ಲ. ಜಂಬ ಕೊಚ್ಚಿದ್ದು ಕಾಕಾನೇ, ಆ ಕುಲದಾಗ ಯಾವುದರ ಕೊಡೋ ತಮ್ಮಾ, ಕಣ್ಣ ಮುಚ್ಚಿ ಬೆರಳಿಲೆ ಹೇಳ್ತೇನಿ, ಎಮ್ಮೆಸ್ಸಿ ನಿಂದು, ಬೆರಳ ನಂದು — ಭಾನುವಾರ ಪೂರ್ತಿ ಸಾಂಕೋಲೆಯ ಮನೆಯಲ್ಲಿ ಕೂತು, ಚುಕ್ಕೆಯೇ ಇಲ್ಲದ ಬರಿ ಎಲೆ ಮುಂದಿಟ್ಟುಕೊಂಡು, ಅವ್ವ ಬೀಚಿನಲ್ಲಿ ಮಾರುವ ಚೀಲಗಳಿಗೆ ಕನ್ನಡಿ ಹೊಲಿಯುವ ಸೂಜಿಯ ತುದಿಗೆ ಅಂಟು, ಅಂಟಿನ ತುದಿಗೆ ರೊಟ್ಟಿಯ ಜೊತೆಗಿದ್ದ ಗುರೆಳ್ಳ ಹಿಂಡಿಯ, ಆ ಚಟ್ನಿಪುಡಿಯ, ಒಂದೊಂದೇ ಹರಳು ಹಿಡಿದು ಎಲೆಗೆ ಕೂಡಿಸಿದ್ದ, ಅವ್ವ ಹೇಮಿಬಾಯಿ ಇಣುಕಿ, ಚೀಲಕ್ಕ ನಾಕ ಕನ್ನಡಿ ಕೂಡಸು ಅಂದ್ರ ಕೈ ನೋಯ್ತಾವ ಇವಗ, ಎಲಿಗಿ ಹಿಂಡಿ ತಿನ್ನಸಾಕ ಕುಂತಾನ. ಆ ಎಲೆಯನ್ನು ಹಾಳೆಗೆ ಹೊಲಿದು ಕಾಕಾನ ಮೇಜಿನ ಮೇಲಿಟ್ಟ, ಅಷ್ಟಕ್ಕೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ, ಮೇಡಂ ಮೀಟಿಂಗಿಗೆಂದು ಮಡಗಾಂವಿಗೆ ಹೋದ ದಿನ ಹರ್ಬೇರಿಯಮ್ಮಿನ ಹಳೆಯ ಫೋನಿಗೆ ಹೊರಗಿನಿಂದ ಕರೆ ಮಾಡಿ, ಮೂಗನ್ನು ಅರ್ಧ ಹಿಡಿದು, ಮೇಡಂ ದನಿಯಲ್ಲಿ, ಹಾಂ, ಹೇಳ್ರಿ, ಮೈಬೂಬಸಾಬರ, ಕುಬೇರ ಆ ಹಾಳಿ ಫೋಟೋ ಕಳಿಸ್ಯಾನ, ಹೊಸಾ ಪ್ರಭೇದ ಅನಸ್ತೈತಿ, ನಿಮ್ಮ ಹೆಸರ ಇಡೋಣಂತ — ನಗಲು ತಯಾರಾಗಿ ಓಡಿಬಂದು ಬಾಗಿಲಲ್ಲಿ ನೋಡಿದರೆ ಕಾಕಾ ಹಾಳೆಯನ್ನು ಮುಖದ ತೀರ ಹತ್ತಿರ ಹಿಡಿದು ಟವೆಲ್ಲಿನಿಂದ ಕಣ್ಣೊರೆಸುತ್ತಿದ್ದ. ನಗು ಹಲ್ಲಿನ ಸಂದಿಯಲ್ಲೇ ಸಿಕ್ಕಿತು. ಮರುದಿನ ಕಾಕಾ ತನ್ನ ಹೆಂಡತಿ ಖುರ್ಷಿದಾಬೇಗಂ ಮಾಡಿಕೊಟ್ಟ ಶಿರಾ ತಂದಿದ್ದ, ತಿನ್ನೋ, ನಿನ್ನ ದಯಾ, ಎಂದ, ಕುಬೇರ ತಿಂದ, ತಿಂದ ಮೇಲೆ ಹುಳು ಹತ್ತದಿರಲೆಂದು ವಿಷ ಬಳಿಯುವ ಹಾಳೆಗಳ ಗುಡ್ಡೆಗೆ ಆ ಹಾಳೆಯನ್ನೂ ಗುಟ್ಟಾಗಿ ಸೇರಿಸಿದ, ವಿಷದ ನೀರಿಗೆ ಚುಕ್ಕೆಗಳೆಲ್ಲ ಕಳಚಿ ಹೋಗಲಿ ಎಂದು, ಹೋಗಿಲ್ಲ, ಏಳು ದಿನವಾಯಿತು, ಇವತ್ತು ಕಾಕಾ ಅದನ್ನು ಗುಡ್ಡೆಯಿಂದ ಎತ್ತಿ, ಹೊಸಾದಂತ್ರಿ, ಎಂದು ಮೇಡಂ ಮುಂದಿಟ್ಟಿದ್ದಾನೆ, ನಾಲ್ಕನೆಯ ಕಿರುಎಲೆಯ ಮೇಲೆ ಆ ಒಂದು ಚುಕ್ಕೆ ಅವನನ್ನೇ ನೋಡುತ್ತಿದೆ.

ದೀಪ ಹತ್ತಿತು. ಮೇಡಂ ಬಾಗಿದರು, ತಿರುಪು ತಿರುಗಿಸಿದರು, ಉಸಿರಾಡುತ್ತಾರೋ ಇಲ್ಲವೋ, ಕಾಕಾ ಕೈಕಟ್ಟಿ ನಿಂತಿದ್ದಾನೆ, ಈಗ ಫೋನಿನ ಮಾತು ಎತ್ತುತ್ತಾನೆ, ನೀವ ಹೇಳಿದ್ರೆಲ್ಲರಿ ಮೇಡಮ್ಮಾರ ಎನ್ನುತ್ತಾನೆ, ಮುಗಿಯಿತು, ಅವನ ಹೆಸರೂ ಹೋಯಿತು ನನ್ನದೂ ಹೋಯಿತು, ಅವನು ಇಡೀ ಡಿಪಾರ್ಟ್‌ಮೆಂಟಿನ ಮುಂದೆ ನಗೆಪಾಟಲು, ನಾನು ಗೇಟಿನ ಹೊರಗೆ. ಮೇಡಂ ತಲೆಯೆತ್ತದೆ ಕೇಳಿದರು, ಯಾರ್ರಿ ಇದನ್ನ ಹೊಸಾದು ಅಂದವರು. ಕಾಕಾ ಕುಬೇರನನ್ನು ನೋಡಿದ, ಆಮೇಲೆ ತೋರುಬೆರಳನ್ನು ನಾಲಗೆಗೆ ತಾಕಿಸಿ ಮಸೂರದ ಕೆಳಗೆ ತೂರಿಸಿದ, ನಾಲ್ಕನೆಯ ಕಿರುಎಲೆ, ಆ ಚುಕ್ಕೆಯೇ, ಬೆರಳಿಗೆ ಅಂಟಿ ಎದ್ದು ಬಂತು, ಬೆರಳು ಮೇಲೇರುತ್ತಿದೆ, ಗಲ್ಲ ದಾಟಿ ತುಟಿಯ ಹತ್ತಿರ, ಬಾಯಿಗೆ, ವಿಷ, ವಿಷದ ಗುಡ್ಡೆ, ತನ್ನದೇ ಕೈ — ಬ್ಯಾಡ್ರಿ ಕಾಕಾ, ವಿಷ ಐತಿ ಅದಕ, ಆ ಚುಕ್ಕಿ ನಾನ ಹಚ್ಚೇನಿ, ಅದು ನಮ್ಮವ್ವನ ಹಿಂಡಿರಿ. ಯಾರ ದನಿ ಇದು, ಒಡೆದದ್ದು, ಹುಡುಗನಂಥದ್ದು, ಇಷ್ಟು ದಿನ ಎಲ್ಲಿತ್ತು. ಕಾಕಾ ಅಷ್ಟರಲ್ಲಿ ಬೆರಳು ನೆಕ್ಕಿ ಆಗಿತ್ತು. ವಿಷದ ಕಪಾಟಿನ ಕೀಲಿ ನನ್ನ ಕಿಸೇದಾಗ ಐತೆಲ್ಲೋ ತಮ್ಮಾ, ಹಿಂಡಿಗೆ ಯಾರರ ವಿಷ ಹಚ್ಚತಾರೇನು, ಉಪ್ಪ ಕಡಿಮಿ ಆಗೇತಿ ಅಂತ ನಿಮ್ಮವ್ವಗ ಹೇಳು. ಮೊದಲ ದಿನವೇ ಹಿಂಡಿಯ ಬೆಳ್ಳುಳ್ಳಿ ನಾತ ಹೊಡೆದಿತ್ತಂತೆ, ಇವತ್ತು ಮೇಡಂ ಮೂಗಿಗೆ ಮೊದಲೇ ಬಡಿಯಬಾರದೆಂದು ಅತ್ತರಂತೆ, ಮೂಗು ಹೋಗಲಿ, ಬೆರಳೂ ಹೇಳಿತ್ತಂತೆ, ಈ ಕುಲದಾಗ ಚುಕ್ಕಿ ನರದ ತುದೀಗೆ ಹುಟ್ಟತಾವ, ನೀ ನರಾ ಬಿಟ್ಟ ನಡಬರಕ ಕೂಡಿಸೀದಿ, ನಿಮ್ಮವ್ವ ಎಳಿ ಬಿಟ್ಟ ಕನ್ನಡಿ ಕೂಡಸ್ತಾಳೇನು. ಮೇಡಂ ಇನ್ನೂ ನಗದೆ, ಮತ್ತ ಹೊಸಾದು ಅಂದವರ್ಯಾರು, ಎಂದರು. ನಾನರಿ, ಎಂದ ಕಾಕಾ, ಹೆಸರಿನ ಆಸೆರಿ, ವಯಸ್ಸಾತು. ಮೇಡಂ ಇಬ್ಬರನ್ನೂ ನೋಡಿದರು, ಚಂದ ಐತಿ ನಿಮ್ಮ ಅಡಗಿ ಎಂದರು, ದೀಪ ಆರಿಸಿ, ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ನಡೆದರು. ಅವರ ಚಪ್ಪಲಿ ಸದ್ದು ಮೂಲೆ ತಿರುಗಿದ ಮೇಲೆ ಕಾಕಾ ಹತ್ತಿರ ಬಾಗಿ, ಮೂಗನ್ನು ಅರ್ಧ ಹಿಡಿದು, ಥೇಟ್ ಮೇಡಂ, ಹಾಂ, ಹೇಳ್ರಿ — ಎಂದು, ನಕ್ಕ, ಕಪಾಟಿನ ಗಾಜುಗಳು ಝುಲ್ಲೆನ್ನುವ ಹಾಗೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು, ಟವೆಲ್ಲಿನಿಂದ ಒರೆಸಿಕೊಂಡ, ಅವತ್ತಿನ ಹಾಗೆಯೇ, ಅವತ್ತು ಅದು ನಗುವಿನದಾಗಿತ್ತೇ, ಬೆಳ್ಳುಳ್ಳಿಯದೇ, ಇಲ್ಲಾ ಹಾಳೆ ಮೂಗಿಗೆ ಹಿಡಿಯುವ ಮುಂಚಿನ ಆ ಒಂದು ಗಳಿಗೆ ಕಾಕಾ ನಿಜವೆಂದೇ ನಂಬಿದ್ದನೇ, ಕೇಳಬೇಕು, ನಗಬೇಕು, ಕಾಲಿಗೆ ಬೀಳಬೇಕು, ಒಂದೂ ಆಗುತ್ತಿಲ್ಲ, ನಗುವ ಆ ಬಾಯಿಯ ಕೆಳದುಟಿಯ ಮೇಲೆ ನೆಕ್ಕಿದರೂ ಹೋಗದೆ ಕೂತಿದೆ, ಕಂದುಬಣ್ಣದ್ದು, ಸಾಸಿವೆಗಿಂತ ಸಣ್ಣದು, ಚುಕ್ಕೆ.