ನಾರಿನ ಚಾಪೆ ಹಿಡಿದು ಕುವೈತಿಗೆ

ಗಾಲ್ಫ್ ಆಡಲಿಕ್ಕೆ ಮರಳುಗಾಡಿಗೆ ಹೋಗುತ್ತೇನೆ ಎಂದು ಇವರು ಹೇಳಿದಾಗ ನಾನು ಬೂತಾಯಿ ತೊಳೆಯುತ್ತಿದ್ದೆ. ಕೈಯಲ್ಲಿದ್ದ ಮೀನು ಜಾರಿ ಬೆಕ್ಕಿನ ಪಾಲಾಯಿತು.

“ಎಲ್ಲಿಗೆ?”

“ಕುವೈತಿಗೆ. ಎರಡು ತಿಂಗಳು. ರಜೆ.”

ರಜೆಯಂತೆ! ಬಂದರಿನಲ್ಲಿ ಹಗ್ಗ, ಟಾರ್ಪಾಲು ಮಾರುವ ನನ್ನ ಗಂಡ ಉಮರಬ್ಬನಿಗೆ ರಜೆ ಕೊಡುವವರು ಯಾರು?

ಈ ಹುಚ್ಚು ಹಿಡಿಸಿದವನು ಕಾಫಿ ಕಂಪೆನಿಯ ಒಬ್ಬ ಬಿಳಿ ದೊರೆ. ಜೊತೆಗೆ ಆಡುವವರು ಸಿಗದೆ, ಹಗ್ಗ ಕೊಡಲು ಹೋದ ಇವರನ್ನೇ ಕುಲಶೇಖರದ ಗುಡ್ಡಕ್ಕೆ ಎಳೆದುಕೊಂಡು ಹೋಗಿ ಕೋಲು ಹಿಡಿಯಲು ಕಲಿಸಿದ. ತನ್ನ ದೇಶಕ್ಕೆ ಹೊರಟಾಗ ಚರ್ಮದ ಚೀಲದ ಸಮೇತ ಕೋಲುಗಳನ್ನು ಇವರಿಗೇ ಬಿಟ್ಟುಹೋದ. ಅಂದಿನಿಂದ ಪ್ರತಿ ಭಾನುವಾರ ಇವರೊಬ್ಬರೇ ಆ ಮುರಕಲ್ಲಿನ ಮೇಲೆ, ದನಗಳ ನಡುವೆ. ಹೊಡೆದ ಚೆಂಡು ಕಲ್ಲಿಗೆ ತಾಗಿ ಯಾವುದೋ ಪೊದೆಗೆ ಹಾರುತ್ತಿತ್ತು. ಆಡಿದ್ದಕ್ಕಿಂತ ಹುಡುಕಿದ್ದೇ ಹೆಚ್ಚು.

ಅರುವತ್ತಾರರ ರಂಜಾನ್ ಹಬ್ಬಕ್ಕೆ ಕುವೈತಿನ ಎಣ್ಣೆ ಕಂಪೆನಿಯಿಂದ ಬಂದ ನನ್ನ ತಮ್ಮ ಸಮದ್, ಸುಮ್ಮನಿರಲಾರದೆ ಬಾಯಿ ಬಿಟ್ಟ. “ಭಾವ, ಅಲ್ಲಿ ಹುಲ್ಲೇ ಇಲ್ಲ. ಮರಳಿಗೆ ಎಣ್ಣೆ ಹೊಯ್ದು ಗಟ್ಟಿ ಮಾಡಿ ಆಡ್ತಾರೆ. ಚೆಂಡು ಇಡಲಿಕ್ಕೆ ಒಂದು ಚಾಪೆ ತುಂಡು ಜೊತೆಗೇ ಹಿಡ್ಕೊಂಡು ಹೋಗ್ತಾರೆ. ನನ್ನ ರೂಮು ಉಂಟು, ಬನ್ನಿ.”

“ಚೆಂಡು ಕಳೆದುಹೋಗುವುದಿಲ್ವಾ?”

“ಅಡಗಲಿಕ್ಕೆ ಒಂದು ಗಿಡ ಬೇಕಲ್ಲ ಭಾವ?”

ಅಲ್ಲಿಗೆ ಮುಗಿಯಿತು. ಮರುದಿನವೇ ಇವರು ಅಂಗಡಿಯ ತೆಂಗಿನ ನಾರಿನ ಚಾಪೆಯಿಂದ ಒಂದು ತುಂಡು ಕತ್ತರಿಸಿ ಅಂಚು ಹೊಲಿಸಿದರು. ಹೊಸ ಟ್ರಂಕು ಬಂತು. ಮರಳಿನ ಅಭ್ಯಾಸ ಬೇಕೆಂದು ಪಣಂಬೂರಿನ ಕಡಲ ಬದಿಗೆ ಹೋಗಿ ಹೊಡೆದದ್ದೇ ಹೊಡೆದದ್ದು. ಮನೆಗೆ ಬಂದರೆ ಕಿವಿಯೊಳಗೂ ಮರಳು. ಗುಡಿಸುವವಳು ನಾನು.

ಇನ್ನು ನನ್ನ ಸಂಕಟ ಹೇಳುತ್ತೇನೆ. ಇವರ ಅಣ್ಣ ಸುಲೈಮಾನ್ ಕಾಕನಿಗೆ (ನಮ್ಮಲ್ಲಿ ಅಣ್ಣನಿಗೆ ಕಾಕ ಎನ್ನುವುದು) ಕೊಟ್ಟದ್ದು ನನ್ನ ಸ್ವಂತ ಅಕ್ಕ ನಾಝಿಮಾಳನ್ನು. ಎರಡು ಮನೆಗೂ ಒಂದೇ ಬಾವಿ, ಬಾವಿಯ ಮೇಲೆಯೇ ಹಾದುಹೋಗುವ ಗೋಡೆ. ಆಚೆ ಅವಳ ರಾಟೆ, ಈಚೆ ನನ್ನದು. ನಮ್ಮ ಮಗಳು ಮುಮ್ತಾಝಳ ಮದುವೆಯಲ್ಲಿ ಯಾರದೋ ಅವಸರಕ್ಕೆ ಕಾಕನನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸಿಬಿಟ್ಟರು. ಹುಡುಗಿಯ ದೊಡ್ಡಪ್ಪ, ಎರಡನೆಯ ಪಂಕ್ತಿ! ಅನ್ನ ಮುಟ್ಟದೆ ಎದ್ದು ಹೋದರು. ಆಮೇಲೆ ಅಣ್ಣತಮ್ಮಂದಿರ ಮಾತು ನಿಂತಿತು, ಅವರ ಬಿಗುಮಾನಕ್ಕೆ ಅಕ್ಕತಂಗಿಯರ ಬಾಯಿಗೂ ಬೀಗ. ವರ್ಷಗಟ್ಟಲೆ ಅಕ್ಕನ ರಾಟೆಯ ಸದ್ದು ಕೇಳಿಕೊಂಡು ನೀರು ಸೇದಿದೆ. ಅವಳಿಗೆ ಜ್ವರ ಬಂದದ್ದು ನನಗೆ ತಿಳಿಯುತ್ತಿದ್ದುದು ಆ ರಾಟೆ ಸುಮ್ಮನಾದಾಗ.

ಆಗ ಬೊಂಬಾಯಿಯಿಂದ ಹಜ್ಜಿನ ಹಡಗು ಹೊರಡುವ ಸಮಯ. ಬ್ಯಾರಿಯೊಬ್ಬ ಹೊಸ ಟ್ರಂಕು ತರುತ್ತಾನೆ, ಕಂಕುಳಲ್ಲಿ ಸಣ್ಣ ಚಾಪೆ ಹಿಡಿದು ಓಡಾಡುತ್ತಾನೆ, ಅರಬ್ ದೇಶಕ್ಕೆ ಎನ್ನುತ್ತಾನೆ. ಬಂದರಿನವರು ಬೇರೆ ಎಂತ ತಿಳಿದುಕೊಳ್ಳಬೇಕು?

ಮೊದಲು ಬಂದವರು ಪಕ್ಕದಂಗಡಿಯ ನೂರ್ ಮುಹಮ್ಮದ್. ಹಜ್ಜಿಗೆ ಹೊರಡುವವರ ಹತ್ತಿರ ಹಳೆಯ ಜಗಳ, ಕಹಿ ಮಾತು ಎಲ್ಲವನ್ನೂ ಪರಸ್ಪರ ಮನ್ನಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅವರು ಇವರನ್ನು ಬಿಗಿದಪ್ಪಿ, “ಉಮರಬ್ಬ, ತಪ್ಪಾಗಿದ್ದರೆ ಬಿಟ್ಟುಬಿಡು. ಅಲ್ಲಿ ನನಗಾಗಿ ದುಆ ಮಾಡು,” ಎಂದರು.

“ಅಯ್ಯೋ, ನಾನು ಹಜ್ಜಿಗಲ್ಲ ಮಾರಾಯ, ಸಮದನ ಹತ್ತಿರ ಹೋಗುವುದು!”

“ಗೊತ್ತಾಯ್ತು, ಗೊತ್ತಾಯ್ತು. ಡಂಗುರ ಹೊಡೆಯದೆ ಹೋಗುವವನ ಹಜ್ಜೇ ಹಜ್ಜು,” ಎಂದು ಬೆನ್ನು ತಟ್ಟಿ ಹೋದರು.

ಇವರು ಅಲ್ಲ ಎಂದಷ್ಟೂ ಜನರಿಗೆ ಭಕ್ತಿ ಹೆಚ್ಚಾಯಿತು. ಹಲ್ವ ಬಂತು, ಅತ್ತರು ಬಂತು. ನಾನಂತೂ ಒಳಗೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ.

ಒಂದು ಸಂಜೆ ಸುಲೈಮಾನ್ ಕಾಕ ಬಂದರು, ಹಿಂದೆಯೇ ನನ್ನ ಅಕ್ಕ. ನಗು ಅಲ್ಲೇ ನಿಂತುಹೋಯಿತು. ಕಾಕ ತಮ್ಮನನ್ನು ಅಪ್ಪಿಕೊಂಡು ಅತ್ತರು. ಇವರು ಅಣ್ಣನ ಬೆನ್ನು ಸವರುತ್ತ ನಿಂತರು. ಅಕ್ಕ ಸೀದಾ ಅಡುಗೆಮನೆಗೆ ಬಂದು ನನ್ನ ಕೆನ್ನೆ ಹಿಡಿದು, “ಎಷ್ಟು ಸೊರಗಿದ್ದೀಯಾ ಮೈಮೂನಾ,” ಎಂದಳು. ನಾನು ಎಲ್ಲಿಂದ ಸೊರಗಿದೆ? ಕುಪ್ಪಸ ಬಿಗಿಯಾಗುತ್ತಿತ್ತು. ಆದರೂ ಅವಳ ಹೆಗಲ ಮೇಲೆ ತಲೆಯಿಟ್ಟು ಹೂಂ ಎಂದೆ.

ಅವರು ಹೋದ ಮೇಲೆ ಇವರು ಚಾಪೆಯ ತುಂಡನ್ನೇ ನೋಡುತ್ತ ಕುಳಿತರು. “ನಾಳೆ ಬೆಳಿಗ್ಗೆ ಹೋಗಿ ಕಾಕನಿಗೆ ನಿಜ ಹೇಳ್ತೇನೆ,” ಎಂದರು.

ನಾನು ಇವರೆದುರು ಹೋಗಿ ನಿಂತೆ. “ನಿಮಗೆ ತಲೆ ಸರಿ ಉಂಟಾ? ಚೆಂಡು ಹೊಡೆಯುವವನನ್ನು ಹಾಜಿ ಎಂದು ಅಪ್ಪಿಕೊಂಡದ್ದು ಗೊತ್ತಾದರೆ ಆ ಮನುಷ್ಯ ಇನ್ನು ಈ ಜನ್ಮದಲ್ಲಿ ನಮ್ಮ ಹೊಸ್ತಿಲು ತುಳಿಯುತ್ತಾರಾ? ನಿಮಗೆ ಅಣ್ಣ ಬೇಡದಿದ್ದರೆ ಬೇಡ, ನನಗೆ ನನ್ನ ಅಕ್ಕ ಬೇಕು!”

“ಹಜ್ಜಿನ ಹೆಸರಲ್ಲಿ ಸಿಕ್ಕಿದ ಮಾಫಿ ಅದು. ನಾನು ಹೇಗೆ ಇಟ್ಟುಕೊಳ್ಳಲಿ?”

ಜಗಳಕ್ಕೆ ಬಗ್ಗುವವರಲ್ಲ, ಅತ್ತರೂ ಬಗ್ಗಲಿಲ್ಲ. ಎರಡನ್ನೂ ಮಾಡಿ ನೋಡಿದೆ.

ಬೆಳಿಗ್ಗೆ ಇವರು ಚಾಪೆಯನ್ನೂ ಒಂದು ಕೋಲನ್ನೂ ಹಿಡಿದು ಆಚೆ ಮನೆಗೆ ಹೋದರು. ನಾನು ಕೊಡಪಾನ ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ ಗೋಡೆಗೆ ಕಿವಿಯಿಟ್ಟು ನಿಂತೆ. ಅಣ್ಣತಮ್ಮ ಜಗಲಿಯಲ್ಲೇ ಮಾತಾಡುತ್ತಿದ್ದರು.

“ಕಾಕ, ನಾನು ಹೋಗುವುದು ಹಜ್ಜಿಗೆ ಅಲ್ಲ. ಇದು ನಮಾಜಿನ ಚಾಪೆಯೂ ಅಲ್ಲ. ಇದರ ಮೇಲೆ ಚೆಂಡಿಟ್ಟು ಈ ಕೋಲಿನಲ್ಲಿ ಹೊಡೆಯುವುದು. ಆಟಕ್ಕೆ ಹೋಗುವುದು, ಕಾಕ. ನಿನ್ನೆಯ ಮಾಫಿ ನನಗೆ ಸಲ್ಲುವುದಿಲ್ಲ.”

ಯಾ ಅಲ್ಲಾಹ್, ಹೇಳಿಯೇಬಿಟ್ಟರು!

“ಗೊತ್ತುಂಟು,” ಎಂದರು ಕಾಕ.

“ಎಂತ ಗೊತ್ತುಂಟು?”

“ಪಣಂಬೂರಿನಲ್ಲಿ ದೋಣಿಯ ಮರೆಯಲ್ಲಿ ನಿಂತು ನೋಡಿದ್ದೇನೆ. ಹಜ್ಜಿಗೆ ಹೊರಟವನು ಮರಳಿಗೆ ಹಾಗೆ ಬೈತಾನಾ?”

“ಮತ್ತೆ ಬಂದದ್ದು ಯಾಕೆ?”

“ಊರವರೆಲ್ಲ ಬರ್ತಿದ್ದರಲ್ಲ ಮಾರಾಯ, ಅವರ ಎಡೆಯಲ್ಲಿ ನಾನೂ ಬಂದೆ.” ಕಾಕನ ಸ್ವರ ಒಡೆಯಿತು. “ಒಬ್ಬನೇ ಬರಲಿಕ್ಕೆ ನಾಚಿಕೆ ಆಗ್ತಿತ್ತು.”

ಇವರು ಅಣ್ಣನೆದುರು ಬಿಕ್ಕಿಬಿಕ್ಕಿ ಅತ್ತದ್ದು ಕೇಳಿಸಿತು. ನನ್ನ ಕಣ್ಣೂ ತುಂಬಿತು. ಆಮೇಲೆ ಕಾಕ ಸೊರ್ರೆಂದು ಮೂಗೆಳೆದುಕೊಂಡು, “ಒಳಗೆ ಬಾ, ಅಕ್ಕಿಯ ಬಿಸಿ ಪತ್ತಿರಿ ಉಂಟು. ಮೊದಲ ಪಂಕ್ತಿಯಲ್ಲೇ ಕೂರಿಸ್ತೇನೆ,” ಎಂದರು. ಇವರು ಅಳುತ್ತಲೇ ನಕ್ಕರು.

ಆಗ ಗೋಡೆಯ ಆಚೆ, ನನ್ನ ಕಿವಿಯ ಬುಡದಲ್ಲೇ ರಾಟೆ ಕಿರ್ರೆಂದಿತು.

“ಮೈಮೂನಾ,” ಎಂದಳು ಅಕ್ಕ, “ಕದ್ದು ಕೇಳಿದ್ದು ಸಾಕು. ನೀನೂ ಬಾ, ಪತ್ತಿರಿ ತಣಿಯುತ್ತದೆ.”